ಬುರ್ಗಿ ಹಗ್ಗ ಹಿಡಿಯದ ವರ್ಷ

ನಮ್ಮ ಬೆಟ್ಟದೂರು ಓಬರ್‌ಮೂಸಿನಲ್ಲಿ ಹಸುಗಳಿಗೆ ಇರುವಷ್ಟು ಹಿತೈಷಿಗಳು ಮನುಷ್ಯರಿಗಿಲ್ಲ. ನಾನು ಸೊಂಟ ಹಿಡಿದುಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಕುಕ್ಕರಿಸಿದರೆ ಏನಾಯಿತು ಹಿಯಾಸ್ ಎಂದು ಕೇಳುವ ಒಂದು ನರಪಿಳ್ಳೆ ಇಲ್ಲ. ಅದೇ ಒಂದು ಹಸು ರಸ್ತೆಯಲ್ಲಿ ಕುಂಟಲಿ ನೋಡೋಣ, ಬಸ್ಸಿನಿಂದ ಇಳಿದವರೆಲ್ಲ ಸುತ್ತ ನೆರೆದು ಅಯ್ಯೋ ಪಾಪ ಅಂದುಕೊಂಡು ಫೋಟೋ ಹೊಡೆಯುತ್ತಾರೆ. ಹಸುವಿನ ಸುಖದ ಬಗ್ಗೆ ಇಲ್ಲಿ ಭಾಷಣ ಮಾಡದವರಿಲ್ಲ. ಮೇಯರ್ ಮಾಡುತ್ತಾನೆ, ಪಾದ್ರಿ ಮಾಡುತ್ತಾನೆ, ಹೋಟೆಲಿನವರು ಊಟದ ಪಟ್ಟಿಯ ಮೇಲೇ ಅಚ್ಚು ಹಾಕಿಸುತ್ತಾರೆ, ಅದರ ಕೆಳಗಿನ ಸಾಲಿನಲ್ಲೇ ಹುರಿದ ಕರುವಿನ ಮಾಂಸ ಇರುತ್ತದೆ. ಒಂದು ಭಾಷಣವನ್ನೂ ಮಾಡದವಳು ಬುರ್ಗಿ ಒಬ್ಬಳೇ. ಅವಳಿಗೆ ಹಾಲು ಕರೆಯುವುದಿತ್ತು.

ಬುರ್ಗಿ, ಅಂದರೆ ವಾಲ್ಬುರ್ಗಾ, ಬೇಸಿಗೆ ಬಂತೆಂದರೆ ಊರಿನ ಹಸುಗಳನ್ನೆಲ್ಲ ಬೆಟ್ಟದ ಮೇಲಿನ ಹುಲ್ಲುಗಾವಲಿಗೆ, ನಮ್ಮ ಆಲ್ಮ್‌ಗೆ, ಹೊಡೆದುಕೊಂಡು ಹೋಗುವವಳು. ಅಲ್ಲೇ ಕಲ್ಲಿನ ಗುಡಿಸಲಿನಲ್ಲಿದ್ದು ಹಾಲು ಕರೆದು, ಚೀಸು ಮಾಡಿ, ಚಳಿ ಬೀಳುವ ಮುಂಚೆ ಎಲ್ಲವನ್ನೂ ಇಳಿಸಿಕೊಂಡು ಬರುತ್ತಾಳೆ. ಚಳಿಗಾಲದಲ್ಲಿ ಹೋಟೆಲೊಂದರ ನೆಲಮಾಳಿಗೆಯಲ್ಲಿ ಅತಿಥಿಗಳ ಹಾಸಿಗೆ ಬಟ್ಟೆ ಒಗೆದು ಮಡಿಸುತ್ತಾಳೆ. ಆ ನೆಲಮಾಳಿಗೆಯ ಬುರ್ಗಿಯನ್ನು ನೋಡಿದರೆ ನಿಮಗೆ ಅಳು ಬರುತ್ತದೆ. ತಲೆ ಬಗ್ಗಿಸಿಕೊಂಡಿರುತ್ತಾಳೆ, ಕೇಳಿದ್ದಕ್ಕೆಲ್ಲ ‘ಹೂಂ’ ಎನ್ನುತ್ತಾಳೆ, ಬಣ್ಣ ಮಾಸಿದ ಗೋಡೆಯ ಹಾಗೆ ನಿಂತಿರುತ್ತಾಳೆ. ಜೂನ್ ತಿಂಗಳಲ್ಲಿ ಅವಳ ಕೈಗೆ ಒಂದು ಕೋಲು ಕೊಟ್ಟು ಹಸುಗಳ ಹಿಂದೆ ನಿಲ್ಲಿಸಿ, ಆಗ ಅವಳ ಬಾಯಿ ಕೇಳಬೇಕು! ಇಡೀ ಕಣಿವೆಗೆ ಕೇಳಿಸುತ್ತದೆ.

‘ಏಯ್ ಮೂದೇವಿ, ಎಲ್ಲಿಗೆ ನುಗ್ತಿದೀಯ! ಏಯ್ ದರಿದ್ರದ್ದೇ, ಅವಳ ಮೇಲೆ ಯಾಕೆ ಬೀಳ್ತೀಯ, ನಿನಗೆ ಕಣ್ಣಿಲ್ವಾ!’

ಹೀಗೆ ಬೆಳಗಿನಿಂದ ಸಂಜೆಯವರೆಗೆ ಬೈಯುತ್ತಾಳೆ. ಹಸುಗಳು ಆ ಬೈಗುಳವನ್ನೇ ಹುಡುಕಿಕೊಂಡು ಬಂದು ಅವಳ ಭುಜಕ್ಕೆ ಮೂತಿ ಉಜ್ಜುತ್ತವೆ. ಒಮ್ಮೆ ಪಕ್ಕದೂರಿನ ಬಡಗಿಯೊಬ್ಬ ಅವಳನ್ನು ಮದುವೆಯಾಗುತ್ತೇನೆಂದು ಆಲ್ಮ್‌ಗೇ ಹತ್ತಿ ಬಂದಿದ್ದ. ಮಾಡಿದ್ದ ಕ್ನೋಡೆಲ್ ಉಂಡೆಗಳನ್ನೆಲ್ಲ ಖಾಲಿ ಮಾಡಿ, ಬಾಯಿ ಒರೆಸಿಕೊಂಡು, ‘ಮದುವೆ ಆದ್ಮೇಲೆ ಇದನ್ನೆಲ್ಲ ಬಿಡ್ತೀಯ ತಾನೇ? ನನಗೆ ಸಗಣಿ ವಾಸನೆಗೆ ತಲೆನೋವು ಬರುತ್ತೆ’ ಅಂದನಂತೆ. ಬುರ್ಗಿ ಅವನ ಟೋಪಿಯನ್ನು ಕೈಗೆ ಕೊಟ್ಟು, ‘ತಲೆನೋವು ಇಟ್ಕೊಂಡು ಇಲ್ಲಿ ಯಾಕಪ್ಪ ಕೂತಿದೀಯ, ಗಾಳಿ ಚೆನ್ನಾಗಿರೋ ಕಡೆ ಹೋಗು’ ಎಂದು ಬಾಗಿಲು ತೋರಿಸಿದಳು. ಆಮೇಲೆ ಯಾರೂ ಟೋಪಿ ಹಿಡಿದುಕೊಂಡು ಹತ್ತಿ ಬರಲಿಲ್ಲ. ಅದಕ್ಕೆ ಅವಳು ಕಣ್ಣೀರು ಹಾಕಿದ್ದನ್ನೂ ನಾನು ಕಾಣೆ.

ನಾನು ಹಸುಗಳ ಕತ್ತಿನ ಗಂಟೆಗೆ ತೊಗಲಿನ ಪಟ್ಟಿ ಹೊಲಿಯುವವನು. ಆದ್ದರಿಂದ ಹಸು ಹತ್ತುವಾಗಲೂ ಇಳಿಯುವಾಗಲೂ ನನಗೆ ಅಲ್ಲಿ ಕೆಲಸವಿರುತ್ತದೆ, ಕದ್ದು ಕೇಳಿಸಿಕೊಳ್ಳುವ ಅವಶ್ಯಕತೆ ಇಲ್ಲ. ಆ ವರ್ಷ ಜೂನ್‌ನಲ್ಲಿ ಹಸುಗಳು ಹೊರಟ ಬೆಳಿಗ್ಗೆ ಮೇಯರನ ಮನೆಯ ಅಂಗಳದಲ್ಲಿದ್ದೆ. ಮೇಯರ್ ಕಾಸಿಯಾನನ ತಾಯಿ ಸೆನ್ಸಜ್ಜಿ ಗೇಟಿನ ಬಳಿ ಬೆಂಚಿನ ಮೇಲೆ ಕೂತಿದ್ದಳು. ಅಜ್ಜಿಯ ಕಣ್ಣಿಗೆ ಪೊರೆ ಬಂದು ಬೆಳಕು ನೆರಳು ಬಿಟ್ಟರೆ ಏನೂ ಕಾಣದು. ಅವಳ ಜೀವವೆಲ್ಲ ಗಾಮ್ಸ್ ಎಂಬ ಬೂದು ಹಸುವಿನ ಮೇಲೆ. ಅದನ್ನು ಹೆತ್ತ ತಾಯಿ ಹಿಮ ಸುರಿಯುವ ದಿನ ಹೆರಿಗೆಯಲ್ಲೇ ಸತ್ತಿತ್ತು. ಅಜ್ಜಿ ಕರುವನ್ನು ಅಡುಗೆಮನೆಯ ಒಲೆಯ ಪಕ್ಕದಲ್ಲಿ ಮಲಗಿಸಿ, ಬಾಟಲಿಯಲ್ಲಿ ಹಾಲು ಕುಡಿಸಿ ಉಳಿಸಿಕೊಂಡಳು. ಈಗ ಅದೇ ಇಡೀ ಹಿಂಡಿನ ಮುಂದಾಳು. ಪ್ರತಿ ಶರತ್ಕಾಲ ಇಳಿದು ಬಂದಾಗ ಗೇಟಿನೊಳಗೆ ತಾನಾಗಿ ತಿರುಗಿ, ಅಜ್ಜಿಯ ಕೈಯಲ್ಲಿರುವ ಉಪ್ಪು ಹಚ್ಚಿದ ರೊಟ್ಟಿ ತಿಂದು, ಆ ಕೈಯನ್ನು ನೆಕ್ಕಿದ ಮೇಲೆಯೇ ಕೊಟ್ಟಿಗೆಗೆ ಹೋಗುವುದು.

‘ಬುರ್ಗಿ, ನನ್ನ ಕೂಸನ್ನ ನಿನ್ನ ಕೈಗೆ ಕೊಟ್ಟಿದೀನಿ ಕಣೇ,’ ಅಂದಳು ಅಜ್ಜಿ.

‘ಯೋಚ್ನೆ ಮಾಡ್ಬೇಡಜ್ಜಿ. ನಿನ್ನ ಗಾಮ್ಸ್‌ನ ನಿನ್ನ ಬಾಗಿಲಿಗೇ ತಂದು ನಿಲ್ಲಿಸ್ತೀನಿ. ರೊಟ್ಟಿ ರೆಡಿ ಇಟ್ಕೊಂಡಿರು, ಅಷ್ಟೆ.’

ಹಾಗೆ ಮಾತು ಕೊಟ್ಟು ಬುರ್ಗಿ ಬೆಟ್ಟ ಹತ್ತಿದಳು.

ಇನ್ನು ಕಾಸಿಯಾನನ ವಿಚಾರ. ಮನುಷ್ಯ ಕೆಟ್ಟವನಲ್ಲ, ಆದರೆ ಮೈಕು ಕಂಡರೆ ಹಿಡಿಯದೆ ಬಿಡುವವನಲ್ಲ. ಕೊಟ್ಟಿಗೆಯಲ್ಲಿ ಸಗಣಿ ಎತ್ತಿ ಎಷ್ಟು ವರ್ಷವಾಯಿತೋ ಅವನಿಗೇ ನೆನಪಿಲ್ಲ. ಅತಿಥಿಗಳು ಆಲ್ಮ್‌ಗೆ ಬಂದರೆ ಹಸುಗಳು ಎದುರಿಗೇ ಕಾಣಬೇಕು, ನೆರಳಿಗೆ ಹೋಗಿ ಅಡಗಿಕೊಳ್ಳಬಾರದು ಎಂದು ಅವನ ತಲೆಗೆ ಹೊಕ್ಕಿತು. ಆ ವಸಂತದಲ್ಲೇ ಎರಡು ಬಂಡೆಗಳ ನಡುವೆ ಮರದ ಅಟ್ಟವೊಂದನ್ನು ಕಟ್ಟಿಸಿ, ಅದರ ಮೇಲೆ ಆಳೆತ್ತರದ ಹಲಗೆ ಬೋರ್ಡು ನಿಲ್ಲಿಸಿದ. ಬೋರ್ಡಿನ ಮೇಲೆ ಹೂವಿನ ಚಿತ್ರದ ನಡುವೆ, ‘ಸುಖವಾಗಿರುವ ಹಸುಗಳ ಆಲ್ಮ್’ ಎಂದು ಕೊರೆಸಿದ. ಅಟ್ಟದ ಸುತ್ತ ಗಟ್ಟಿ ಬೇಲಿ ಬೇರೆ.

ಆ ಎರಡು ಬಂಡೆಗಳ ನಡುವಿನ ಸಂದಿಯೇ ಹಸುಗಳ ದಾರಿ. ಮಧ್ಯಾಹ್ನದ ಬಿಸಿಲಿಗೆ, ನೊಣದ ಕಾಟಕ್ಕೆ, ಅವು ಅಲ್ಲಿಂದಲೇ ಇಳಿದು ನೀರಿನ ತೊಟ್ಟಿಗೆ, ಬಂಡೆಯ ನೆರಳಿಗೆ ಹೋಗುತ್ತಿದ್ದವು. ಅದು ಮುಚ್ಚಿದ ಮೇಲೆ ಉಳಿದದ್ದು ಹೊರಗಿನ ಕಡಿದಾದ ಹುಲ್ಲು ಜಾರು. ಅಟ್ಟದ ಉದ್ಘಾಟನೆಗೆಂದು ಕಾಸಿಯಾನ್ ಬಂದಾಗ ಬುರ್ಗಿ ಸುಮ್ಮನಿರಲಿಲ್ಲ. ಮರಗಳು ಮುಗಿದು ಬಯಲು ಶುರುವಾದ ಮೇಲೆ ನಮ್ಮಲ್ಲಿ ಯಾರಿಗೂ ‘ನೀವು’ ಇಲ್ಲ. ಕೆಳಗೆ ಮೇಯರನನ್ನು ‘ತಾವು’ ಎನ್ನುವ ನಾಲಿಗೆ ಅಲ್ಲಿ ಬಿಡುಗಡೆಯಾಗುತ್ತದೆ.

‘ಕಾಸಿಯಾನ್, ನಿನ್ನ ತಲೆಯಲ್ಲಿ ಮೆದುಳಿದ್ಯಾ, ಹೊಟ್ಟು ತುಂಬಿದ್ಯಾ? ಹಸುಗಳು ನೀರಿಗೆ ಹೇಗೆ ಹೋಗ್ಬೇಕು?’

‘ಸುತ್ತಿ ಹೋಗ್ಲಿ ಬುರ್ಗಿ. ನಾಲ್ಕು ಕಾಲಿದೆಯಲ್ಲ ಅವಕ್ಕೆ.’

‘ಮಳೆ ಬಂದ್ರೆ ಆ ಜಾರಲ್ಲಿ ಮೇಕೆ ನಿಲ್ಲಲ್ಲ ಕಣೋ!’

‘ನಿನಗೆ ಹೊಸದು ಏನ್ ಮಾಡಿದ್ರೂ ಆಗಲ್ಲ. ಹಸುಗಳ ಸುಖಕ್ಕೇ ಅಲ್ವಾ ಇದೆಲ್ಲ? ಬೋರ್ಡು ಓದಿದ್ಯಾ?’

ಅತಿಥಿಗಳು ಚಪ್ಪಾಳೆ ತಟ್ಟಿದರು. ಬುರ್ಗಿ ಅಂದಿನಿಂದ ಮಳೆ ಬಂದಾಗಲೆಲ್ಲ ತೊಟ್ಟಿಯಿಂದ ಬಕೆಟ್ಟಿನಲ್ಲಿ ನೀರು ಹೊತ್ತು ಮೇಲೆ ತಂದು ಕುಡಿಸತೊಡಗಿದಳು. ಅವಳ ಬೆನ್ನು ಬಿದ್ದುಹೋಯಿತು. ಅತಿಥಿಗಳು ಅಟ್ಟದ ಮೇಲಿಂದ ಅದನ್ನೂ ಫೋಟೋ ಹೊಡೆದರು. ಎಷ್ಟು ಪ್ರೀತಿಯಿಂದ ನೀರುಣಿಸುತ್ತಾಳೆ ನೋಡಿ ಎಂದು ಒಬ್ಬಳು ಗಂಡನಿಗೆ ತೋರಿಸಿದಳಂತೆ.

ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಆಲಿಕಲ್ಲು ಮಳೆ ಬಂತು. ಅದು ನಿಂತ ಮೇಲೆ ಬುರ್ಗಿ ಚೀಸಿನ ಕಡಾಯಿಯನ್ನು ಬೆಂಕಿಯಿಂದ ಇಳಿಸಿ ಬಕೆಟ್ಟು ಹುಡುಕುವಷ್ಟರಲ್ಲಿ ಹಿಂಡು ಬಾಯಾರಿ ಹೊರಟುಬಿಟ್ಟಿತ್ತು. ಮುಂದಾಳು ಎಂದ ಮೇಲೆ ಗಾಮ್ಸ್ ಮೊದಲು ಜಾರಿಗೆ ಕಾಲಿಟ್ಟಿತು. ಬುರ್ಗಿ ಓಡಿ ಬಂದಾಗ ಕೆಳಗಿನ ಕಲ್ಲುಗಳ ನಡುವೆ ಬೂದು ಮೈ ಬಿದ್ದಿತ್ತು. ಉಳಿದ ಹಸುಗಳು ಅಂಚಿನಲ್ಲಿ ಸಾಲಾಗಿ ನಿಂತು ಕೂಗಿದ ಕೂಗು ಕೆಳಗೆ ನನ್ನ ಅಂಗಡಿಯವರೆಗೂ ಕೇಳಿತು. ಬುರ್ಗಿ ಇಳಿದು ಹೋಗಿ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಉಸಿರು ನಿಲ್ಲುವವರೆಗೂ ‘ಮೂದೇವಿ, ನಾನು ಬರೋವರೆಗೂ ನಿಲ್ಲೋದಕ್ಕೆ ಏನಾಗಿತ್ತೇ ನಿನಗೆ’ ಎಂದು ಬೈಯುತ್ತಲೇ ಇದ್ದಳಂತೆ.

ಸತ್ತ ಹಸುವನ್ನು ಆ ಕಲ್ಲುಗಳ ನಡುವಿನಿಂದ ಎತ್ತಲು ಜೀಪು ಹೋಗುವ ದಾರಿ ಇಲ್ಲ, ಹೆಲಿಕಾಪ್ಟರೇ ಬರಬೇಕು. ಮರುದಿನ ಅದು ಬಂದಾಗ ಅಟ್ಟದ ತುಂಬ ಅತಿಥಿಗಳು. ಕಾಸಿಯಾನನಿಗೆ ದಿಗಿಲಾಯಿತು. ಆದರೆ ಅವನ ಕೈಯಲ್ಲಿ ಮೈಕಿತ್ತಲ್ಲ!

‘ಮಾನ್ಯರೇ, ನಮ್ಮೂರಿನ ಹಸುವಿಗೆ ಕಾಲುನೋವು ಬಂದ್ರೂ ನಾವು ಹೆಲಿಕಾಪ್ಟರಲ್ಲೇ ಡಾಕ್ಟರ ಹತ್ರ ಕಳಿಸ್ತೀವಿ!’

ಟಾರ್ಪಾಲಿನಲ್ಲಿ ಸುತ್ತಿದ ಗಾಮ್ಸ್ ಹಗ್ಗದಲ್ಲಿ ತೂಗುತ್ತ ಬೋರ್ಡಿನ ಮೇಲಿಂದ ಹಾರಿಹೋಯಿತು. ಜನ ಕೇಕೆ ಹಾಕಿ ಕೈಬೀಸಿದರು. ಒಬ್ಬಾಕೆ ಕಣ್ಣೊರೆಸಿಕೊಂಡು, ತನ್ನೂರಿನಲ್ಲಿ ತನ್ನ ಅತ್ತೆಗೂ ಇಂಥ ವ್ಯವಸ್ಥೆ ಇಲ್ಲ ಎಂದಳಂತೆ. ಊರಿನವರಿಗೆಲ್ಲ ಸತ್ಯ ಗೊತ್ತು. ಗೊತ್ತಿಲ್ಲದವಳು ಒಬ್ಬಳೇ, ಗೇಟಿನ ಬಳಿ ಬೆಂಚಿನ ಮೇಲೆ ಕೂತವಳು. ಹೆಲಿಕಾಪ್ಟರಿನ ಸದ್ದು ಕೇಳಿ ಅವಳು ಏನೆಂದು ವಿಚಾರಿಸಿದಾಗ ಮಗ, ‘ಪಕ್ಕದೂರಿನ ಯಾವುದೋ ಹಸು ಅಮ್ಮ’ ಅಂದ. ಮೇಯರನಾಗಿ ಊರನ್ನು ಆಳುವವನಿಗೆ ತಾಯಿಯ ಎದುರು ನಿಂತು ನಿಜ ಹೇಳುವ ಧೈರ್ಯ ಬರಲಿಲ್ಲ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಬೇಸಿಗೆಯಲ್ಲಿ ಹಿಂಡಿನ ಯಾವ ಹಸುವೂ ಸಾಯದಿದ್ದರೆ ಮಾತ್ರ ಇಳಿದು ಬರುವಾಗ ಹೂವಿನ ಕಿರೀಟ, ಕನ್ನಡಿ, ದೊಡ್ಡ ಗಂಟೆ. ಒಂದು ಸತ್ತರೂ ಹೂವಿಲ್ಲ, ಹಿಂಡು ಬರಿದಲೆಯಲ್ಲಿ ಸದ್ದಿಲ್ಲದೆ ಬರಬೇಕು. ಹಸು ಯಾರದಾದರೂ ಸರಿ, ದುಃಖ ಊರಿನದು. ನನ್ನ ಅಪ್ಪನ ಕಾಲದಲ್ಲಿ ಹಾಗೆ ಬರಿದಲೆಯಲ್ಲಿ ಬಂದ ವರ್ಷ ಹೆಂಗಸರು ಬಾಗಿಲಲ್ಲಿ ನಿಂತು ಅಳುತ್ತಿದ್ದರಂತೆ. ಈಗ ಆ ದಿನಕ್ಕೆ ಬಸ್ಸುಗಟ್ಟಲೆ ಜನ ಬರುತ್ತಾರೆ, ಹೋಟೆಲುಗಳು ತಿಂಗಳ ಮೊದಲೇ ತುಂಬಿರುತ್ತವೆ, ವೇದಿಕೆ ಇರುತ್ತದೆ, ವಾಲಗ ಇರುತ್ತದೆ. ಅಳಲು ಯಾರಿಗೆ ಪುರುಸೊತ್ತು? ಊರಿನ ಸಭೆಯಲ್ಲಿ ಒಬ್ಬ, ಗಾಮ್ಸ್ ಸತ್ತದ್ದು ಆಲ್ಮ್‌ನ ಗಡಿಯ ಆಚೆ ಉರುಳಿ ಅಂದ. ಇನ್ನೊಬ್ಬ, ಮೇಲೆ ಹಾರುವಾಗ ಜೀವ ಇದ್ದಿರಲೂಬಹುದು ಅಂದ. ಪಾದ್ರಿ ಸೀಲಿಂಗು ನೋಡಿದ. ಕೊನೆಗೆ ಕಾಸಿಯಾನ್ ಎದ್ದು, ಹೋದಷ್ಟೇ ಹಸುಗಳು ಇಳಿದು ಬಂದರೆ ಸತ್ತದ್ದು ಯಾವುದು ಎಂದು ಕೇಳಿದ. ಎಲ್ಲರೂ ಅವನ ಜಾಣ್ಮೆಗೆ ತಲೆದೂಗಿದರು.

ಊರಿನ ರೈತ ಲೋಯಿಸನ ಬಳಿ ತೌಬೆ ಎಂಬ ಬೂದು ಹಸು ಇತ್ತು. ಗೊರಸಿನ ಹುಣ್ಣಿನಿಂದ ಆ ವರ್ಷ ಅದನ್ನು ಬೆಟ್ಟ ಹತ್ತಿಸಿರಲಿಲ್ಲ, ಈಗ ವಾಸಿಯಾಗಿತ್ತು. ಲೋಯಿಸನ ಮನೆಯ ಕೋಣೆಗಳೂ ಆ ದಿನಕ್ಕೆ ಅತಿಥಿಗಳಿಂದ ತುಂಬಿದ್ದವು, ಆದ್ದರಿಂದ ಅವನ ಮನಸ್ಸೂ ದೊಡ್ಡದಾಗಿತ್ತು. ಇಳಿಯುವ ದಿನ ಬೆಳಕು ಹರಿಯುವ ಹೊತ್ತಿಗೆ ಗಾಮ್ಸ್‌ನ ಜಾಗ ತುಂಬಲು ತೌಬೆಯನ್ನು ಕಾಡಿನ ಕಳ್ಳದಾರಿಯಿಂದ ಆಲ್ಮ್‌ಗೆ ಹತ್ತಿಸಿದ. ಗಂಟೆ ಕಟ್ಟಲು ನಾನೂ ಹೋಗಿದ್ದೆ. ಕಿರೀಟಗಳನ್ನು ಹೊತ್ತ ಹೆಂಗಸರು ಬಂದಿದ್ದರು. ಕಾಸಿಯಾನ್ ಗಾಮ್ಸ್‌ನ ಗಂಟೆಯನ್ನು ತಾನೇ ಎತ್ತಿ ನನ್ನ ಕೈಗಿಟ್ಟ.

‘ಹಿಯಾಸ್, ಇದನ್ನ ತೌಬೆಗೆ ಕಟ್ಟು. ಅಮ್ಮನಿಗೆ ಈ ಗಂಟೆ ಸದ್ದು ಗೊತ್ತು.’

ಪಟ್ಟಿ ತೌಬೆಯ ಕತ್ತಿಗೆ ಸಡಿಲವಾಯಿತು. ಇನ್ನೊಂದು ತೂತು ಹೊಡಿ ಅಂದ. ನಾನು ಗೊಣಗುತ್ತ ಹೊಡೆದೆ. ನನ್ನನ್ನೇನೂ ದೇವದೂತ ಅಂದುಕೊಳ್ಳಬೇಡಿ.

ಬುರ್ಗಿ ಅದುವರೆಗೆ ಗುಡಿಸಲಿನ ಹೊಸ್ತಿಲ ಮೇಲೆ ನಿಂತು ನೋಡುತ್ತಿದ್ದವಳು ಈಗ ಕೆಳಗಿಳಿದಳು. ತಲೆಗೆ ಕಪ್ಪು ಬಟ್ಟೆ ಕಟ್ಟಿಕೊಂಡಿದ್ದಳು.

‘ಕಾಸಿಯಾನ್, ಹೂವು ಕಟ್ಟಿಸ್ಬೇಡ. ಗಾಮ್ಸ್ ಸತ್ತಿದೆ.’

‘ಮೆಲ್ಲಗೆ ಮಾತಾಡು ಮಾರಾಯ್ತಿ. ಕೆಳಗೆ ಜನ ಸೇರಿದಾರೆ.’

‘ಜನ ಸೇರಿದ್ರೆ ಸತ್ತ ಹಸು ಎದ್ದು ಬರುತ್ತಾ? ನಿಮ್ಮಮ್ಮನಿಗೆ ಮಾತು ಕೊಟ್ಟಿದೀನಿ ನಾನು. ಆಕೆ ಮುಂದೆ ಯಾವ ಮುಖ ಇಟ್ಕೊಂಡು ನಿಲ್ಲಲಿ?’

‘ಆಕೆಗೆ ಮುಖ ಎಲ್ಲಿ ಕಾಣುತ್ತೆ ಬುರ್ಗಿ?’ ಅಂದುಬಿಟ್ಟ. ಅಂದಮೇಲೆ ಅವನಿಗೂ ನಾಚಿಕೆಯಾಯಿತು ಅಂತ ಕಾಣುತ್ತದೆ, ಕುತ್ತಿಗೆ ಕೆರೆದುಕೊಂಡ. ಆದರೆ ಅಷ್ಟಕ್ಕೇ ನಿಲ್ಲಿಸಲಿಲ್ಲ. ‘ನೋಡು, ನೀನು ಇವತ್ತು ಬಾಯಿಗೆ ಬೀಗ ಹಾಕ್ಕೊಂಡಿದ್ರೆ ಮುಂದಿನ ಬೇಸಿಗೆಗೂ ನೀನೇ. ಬಾಯಿಬಿಟ್ಯೋ, ಆಲ್ಮ್‌ಗೆ ಬೇರೆಯವರನ್ನ ಹುಡುಕ್ತೀನಿ. ನೀನು ವರ್ಷಪೂರ್ತಿ ಹೋಟೆಲಲ್ಲಿ ಬೆಡ್‌ಶೀಟ್ ಮಡಿಸ್ಕೊಂಡಿರು.’

ಬುರ್ಗಿಯ ಮುಖ ಸುಣ್ಣದ ಹಾಗೆ ಬೆಳ್ಳಗಾಯಿತು. ಆ ನೆಲಮಾಳಿಗೆ ಅವಳಿಗೆ ಏನೆಂದು ನಮಗೆಲ್ಲ ಗೊತ್ತು. ಹಸುಗಳ ಕಡೆ ತಿರುಗಿದಳು.

‘ಆಯ್ತು,’ ಅಂದಳು. ‘ಬಾಯಿ ಬಿಡೋದಿಲ್ಲ. ಆದ್ರೆ ನನ್ನ ಕೈಯಿಂದ ಒಂದು ಹೂವೂ ಕಟ್ಟೋದಿಲ್ಲ.’

‘ಸಾಕು ಸಾಕು. ಇನ್ನೊಂದು ವಿಷಯ, ಹಗ್ಗ ಹಿಡ್ಕೊಂಡು ತೌಬೆಯನ್ನ ನೀನೇ ಮುಂದೆ ನಡೆಸು. ನಮ್ಮ ಗೇಟಲ್ಲಿ ಹಿಡಿದು ಒಳಗೆ ತಿರುಗಿಸಿಬಿಡು.’

ಇದಕ್ಕೆ ಬುರ್ಗಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕಾಸಿಯಾನ್ ಅದನ್ನು ಹೂಂ ಎಂದೇ ತಿಳಿದುಕೊಂಡು, ಭಾಷಣ ಅಭ್ಯಾಸ ಮಾಡುತ್ತ ಜೀಪು ಹತ್ತಿ ಇಳಿದುಹೋದ. ಹೆಂಗಸರು ತೌಬೆಯ ಮುಖಕ್ಕೆ ಮಖಮಲ್ಲಿನ ಮುಸುಕು ಕಟ್ಟಿ, ಅದರ ಮೇಲೆ ಆಳುದ್ದದ ಕಿರೀಟ ಏರಿಸಿದರು. ಪಾಪದ ಪ್ರಾಣಿಗೆ ಎದುರಿನದು ಸರಿಯಾಗಿ ಕಾಣದೆ ಒಮ್ಮೆ ಬಕೆಟ್ಟಿಗೆ ಡಿಕ್ಕಿ ಹೊಡೆಯಿತು. ಉಳಿದ ಹಸುಗಳು ಹತ್ತಿರ ಬಂದು ಮೂಸಿ, ಇದು ಯಾರಪ್ಪಾ ಎಂದು ಬುರ್ಗಿಯ ಕಡೆ ತಿರುಗಿದವು.

ಇಳಿಯುವ ದಾರಿಯಲ್ಲಿ ನಾನು ಅವಳ ಪಕ್ಕದಲ್ಲಿದ್ದೆ. ಮೊದಲ ಬಾರಿಗೆ ಅವಳು ಹಸುಗಳನ್ನು ಬೈಯದೆ ಇಳಿಯುತ್ತಿದ್ದಳು. ನನಗೆ ಭಯವಾಯಿತು.

‘ಏನಾದ್ರೂ ಮಾತಾಡೇ.’

‘ಮುದುಕಿ ಕೈ ಚಾಚ್ಕೊಂಡು ಕೂತಿರುತ್ತೆ ಹಿಯಾಸಣ್ಣ. ಆ ಕೈಗೆ ಬೇರೆ ಹಸುವಿನ ನಾಲಿಗೆ ತಾಗಿಸಿ ಮೋಸ ಮಾಡ್ಲಾ? ನನ್ನಿಂದ ಆಗುತ್ತಾ ಅದು?’

‘ಮಾತು ಕೊಟ್ಟಿದೀಯಲ್ಲ ಕಾಸಿಯಾನನಿಗೆ.’

‘ಬಾಯಿ ಮುಚ್ಕೊಂಡಿರ್ತೀನಿ ಅಂತ ಕೊಟ್ಟಿದೀನಿ,’ ಅಂದಳು. ಕಣ್ಣು ಒದ್ದೆಯಾಗಿತ್ತು. ‘ಗೇಟಲ್ಲಿ ಹಗ್ಗ ಹಿಡೀತೀನಿ ಅಂತ ಕೊಟ್ಟಿಲ್ಲ.’

ಅದರ ಅರ್ಥ ನನಗೆ ಚರ್ಚಿನ ಸೇತುವೆಯ ಬಳಿ ತಿಳಿಯಿತು. ಮೊದಲಿನಿಂದಲೂ ಆ ಸೇತುವೆ ದಾಟಿದ ಮೇಲೆ ನಾವು ಹಸುಗಳನ್ನು ಹಿಡಿಯುವುದಿಲ್ಲ. ಪ್ರತಿ ಹಸುವೂ ತನ್ನ ಮನೆಯ ಗೇಟು ತಾನೇ ಹುಡುಕಿಕೊಂಡು ಒಳಗೆ ತಿರುಗುತ್ತದೆ. ಬುರ್ಗಿ ಸೇತುವೆಯ ಮೇಲೆ ನಿಂತು ತೌಬೆಯ ಹಗ್ಗ ಬಿಚ್ಚಿ, ಸುತ್ತಿ, ತನ್ನ ಭುಜಕ್ಕೆ ಹಾಕಿಕೊಂಡಳು. ಎದುರಿನ ವೇದಿಕೆಯ ಮೇಲೆ ಕಾಸಿಯಾನ್ ‘ನಮ್ಮ ಹಸುಗಳ ಸುಖವೇ ನಮ್ಮ ಸುಖ’ ಅನ್ನುತ್ತಿದ್ದವನು ಅರ್ಧಕ್ಕೇ ತೊದಲಿದ. ಮೈಕು ಕೈಯಲ್ಲಿದ್ದುದರಿಂದ ಕೂಗಲಾರ, ಸಾವಿರ ಕಣ್ಣು ಮೇಲಿದ್ದುದರಿಂದ ಓಡಲಾರ. ಹುಬ್ಬು ಕುಣಿಸಿ ಹಗ್ಗ, ಹಗ್ಗ ಎಂದು ಸನ್ನೆ ಮಾಡಿದ. ಬುರ್ಗಿ ಅತ್ತ ನೋಡಲೇ ಇಲ್ಲ.

ಗಾಮ್ಸ್‌ನ ಗಂಟೆ ಮೇಯರನ ಮನೆಯ ಕಡೆ ಹೊರಟಿತು. ಸೆನ್ಸಜ್ಜಿ ಆ ಸದ್ದು ಕೇಳಿ ಬೆಂಚಿನಿಂದ ಎದ್ದು ನಿಂತಳು. ಒಗೆದು ಇಸ್ತ್ರಿ ಮಾಡಿದ ಬಿಳಿಯ ಏಪ್ರನ್ ಕಟ್ಟಿಕೊಂಡಿದ್ದಳು. ಉಪ್ಪು ಹಚ್ಚಿದ ರೊಟ್ಟಿಯನ್ನು ಅಂಗೈಯಲ್ಲಿಟ್ಟು ಕೈ ಚಾಚಿದಳು.

‘ಬಾ ಗಾಮ್ಸ್, ಬಾ ನನ್ನ ಕೂಸೇ!’

ಗಂಟೆ ಹತ್ತಿರ ಬಂತು. ಗೇಟಿನ ಎದುರಿಗೇ ಬಂತು. ಹಾಗೇ ದಾಟಿ ಮುಂದೆ ಹೋಯಿತು. ತೌಬೆಗೆ ಮೇಯರನ ಗೇಟಿನಿಂದ ಏನಾಗಬೇಕು? ಮುಸುಕು ಕಿರೀಟಗಳ ಸಮೇತ ನೇರ ನಡೆದು, ಮೂರನೆಯ ಮನೆಯಾದ ಲೋಯಿಸನ ಅಂಗಳಕ್ಕೆ ತಿರುಗಿ, ತನ್ನ ಗೋದಲಿಯ ಮುಂದೆ ನಿಂತು ಗಟ್ಟಿಯಾಗಿ ಅಂಬಾ ಎಂದಿತು. ಮೇಯರನ ಹಸು ಮನೆ ಮರೆತಿದೆ ಎಂದು ಅತಿಥಿಗಳು ಗೊಳ್ಳೆಂದು ನಕ್ಕರು. ಊರಿನವರು ಒಬ್ಬರೂ ನಗಲಿಲ್ಲ.

ಅಜ್ಜಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ.

‘ಗಂಟೆ ನಮ್ದೇ,’ ಅಂದಳು. ‘ಕಾಲು ನಮ್ದಲ್ಲ. ಬುರ್ಗಿ, ಎಲ್ಲಿದೀಯೇ?’

ಬುರ್ಗಿ ಹೋಗಿ ಅವಳ ಮುಂದೆ ನಿಂತಳು. ತುಟಿ ಕಚ್ಚಿಕೊಂಡಿದ್ದಳು, ಬಾಯಿ ಬಿಡಲಿಲ್ಲ. ಅಜ್ಜಿ ತಡವರಿಸಿಕೊಂಡು ಕೈ ಎತ್ತಿ ಅವಳ ಮುಖ ಮುಟ್ಟಿದಳು. ಕಣ್ಣೀರು ಬೆರಳಿಗೆ ತಾಗಿತು. ಅಲ್ಲಿಂದ ಕೈ ಮೇಲೆ ಹೋಗಿ ತಲೆಗೆ ಕಟ್ಟಿದ ಬಟ್ಟೆ ಮುಟ್ಟಿ ನೋಡಿದಳು.

‘ಹಬ್ಬದ ದಿನ ರೇಷ್ಮೆ ಬಟ್ಟೆ ಕಟ್ಕೋತಿದ್ದೆ ನೀನು. ಇದು ನೂಲಿಂದು, ಸಾವಿನ ಮನೆಗೆ ಕಟ್ಕೊಳ್ಳೋದು. ಯಾವಾಗ ಹೋಯ್ತೇ?’

ಆಗ ನನಗೆ ತಡೆಯಲಾಗಲಿಲ್ಲ. ‘ಆಗಸ್ಟಲ್ಲಿ ಸೆನ್ಸಜ್ಜಿ, ಆಲಿಕಲ್ಲು ಬಿದ್ದ ದಿನ. ನೀರಿನ ದಾರಿಗೆ ಬೋರ್ಡು ನಿಲ್ಲಿಸಿದ್ರಲ್ಲ, ಅದನ್ನ ಸುತ್ತಿ ಹೋಗೋವಾಗ ಜಾರಿ ಬಿತ್ತು. ಬುರ್ಗಿ ಮಡಿಲಲ್ಲೇ ಪ್ರಾಣ ಬಿಡ್ತು,’ ಅಂದೆ. ಹೇಳಬಾರದೆಂದು ನನ್ನಿಂದ ಯಾರೂ ಮಾತು ತೆಗೆದುಕೊಂಡಿರಲಿಲ್ಲವಲ್ಲ.

ಅಜ್ಜಿ ಅಳಲಿಲ್ಲ. ಬೆಂಚು ಹಿಡಿದುಕೊಂಡು ವೇದಿಕೆಯ ಕಡೆ ಮುಖ ಮಾಡಿ ಕೂಗಿದಳು. ಮೈಕಿಲ್ಲದೆಯೂ ಇಡೀ ಊರಿಗೆ ಕೇಳಿಸಿತು.

‘ಕಾಸಿಯಾನ್! ಹೂವು ತೆಗೆಸೋ!’

‘ಅಮ್ಮಾ, ಅತಿಥಿಗಳು...’

‘ನಿನ್ನನ್ನ ಮಲಗಿಸ್ತಿದ್ದ ಒಲೆ ಪಕ್ಕದಲ್ಲೇ ಅದನ್ನೂ ಮಲಗಿಸಿ ಬೆಳೆಸಿದ್ನಲ್ಲೋ! ಅದು ಸತ್ತಿದ್ದಕ್ಕೆ ಒಂದು ಹೂವು ಇಳಿಸೋದಕ್ಕೆ ನಿನಗೆ ಕಷ್ಟ ಆಯ್ತಾ? ತೆಗೆಸೋ!’

ಅವನು ತೆಗೆಸುವ ಮೊದಲೇ ಲೋಯಿಸ್ ತನ್ನ ಅಂಗಳದಲ್ಲಿ ತೌಬೆಯ ಕಿರೀಟವನ್ನು ಇಳಿಸಿಬಿಟ್ಟಿದ್ದ. ಒಂದು ಮನೆಯವರು ಇಳಿಸಿದ್ದನ್ನು ನೋಡಿ ಇನ್ನೊಂದು ಮನೆಯವರು ಇಳಿಸಿದರು. ಬೀದಿಯುದ್ದಕ್ಕೂ ಹೆಂಗಸರು ಬಾಗಿಲಲ್ಲಿ ನಿಂತು, ತಮ್ಮ ಕೈಯಾರೆ ಕಟ್ಟಿದ ಹೂವನ್ನು ಬಿಚ್ಚುತ್ತ, ನನ್ನ ಅಪ್ಪ ಹೇಳುತ್ತಿದ್ದ ಹಾಗೆಯೇ ಅತ್ತರು. ವಾಲಗ ತಾನಾಗಿ ನಿಂತಿತು. ಕಾಸಿಯಾನ್, ಪಾಪ, ಅಭ್ಯಾಸಬಲ ನೋಡಿ, ಮೈಕಿನಲ್ಲಿ, ‘ಮಾನ್ಯರೇ, ಇದು ನಮ್ಮ ಪುರಾತನ ಪದ್ಧತಿ, ಹೂವು ಇಳಿಸೋ ಶಾಸ್ತ್ರ’ ಎಂದುಬಿಟ್ಟ. ಅತಿಥಿಗಳು ಭಯಂಕರ ಚಪ್ಪಾಳೆ ತಟ್ಟಿದರು. ಮುಂದಿನ ವರ್ಷವೂ ಇದು ಇರುತ್ತದೆಯೇ ಎಂದು ಒಬ್ಬ ನನ್ನನ್ನೇ ಕೇಳಿದ. ದೇವರು ದೊಡ್ಡವನು, ಇರದಿರಲಿ ಅಂದೆ.

ಆ ಸಂಜೆಯೇ ಸೆನ್ಸಜ್ಜಿ ಮಗನನ್ನು ಎದುರಿಗೆ ಕೂರಿಸಿಕೊಂಡು ಎರಡು ಮಾತು ಹೇಳಿದಳು. ಆಲ್ಮ್‌ನ ಹಕ್ಕು ಇನ್ನೂ ಅವಳ ಹೆಸರಿನಲ್ಲೇ ಇದೆ, ಅದು ಅವನಿಗೆ ಭಾಷಣದ ಭರಾಟೆಯಲ್ಲಿ ಮರೆತುಹೋಗಿತ್ತು.

‘ಬೇಸಿಗೆಗೆ ಬುರ್ಗಿನೇ ಹೋಗ್ತಾಳೆ. ಆ ಬೋರ್ಡನ್ನ ನೀನೇ ಹೋಗಿ, ನಿನ್ನ ಕೈಯಿಂದಲೇ ಕಿತ್ತು ಹಾಕ್ಬೇಕು. ಆಳು ಕಳಿಸಿದ್ರೆ ನನಗೆ ಗೊತ್ತಾಗುತ್ತೆ.’

ಕಾಸಿಯಾನ್ ಹಿಮ ಬೀಳುವ ಮೊದಲು ಹೋಗಿ ಕಿತ್ತ. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು, ನಾನೇ ನೋಡಿದ್ದೇನೆ. ಹಲಗೆ ಗಟ್ಟಿ ಮರದ್ದು, ಸುಡುವುದು ಬೇಡ ಎಂದು ಬುರ್ಗಿ ಅದನ್ನು ಆ ಸಂದಿಯ ನೆಲಕ್ಕೆ, ಕೆಸರು ನಿಲ್ಲುವ ಕಡೆ ಹಾಸಿದ್ದಾಳೆ. ಈಗ ಹಸುಗಳು ಅದರ ಮೇಲೆ ಕಾಲಿಟ್ಟು ನೀರಿಗೆ ಇಳಿಯುತ್ತವೆ. ‘ಸುಖವಾಗಿರುವ’ ಎಂಬುದು ಸಗಣಿಯಲ್ಲಿ ಮುಚ್ಚಿಹೋಗಿ ‘ಹಸುಗಳ ಆಲ್ಮ್’ ಎಂಬುದಷ್ಟೇ ಕಾಣುತ್ತದೆ.

ಆದರೆ ಹೂವು ಇಳಿಸಿದ ಆ ಮಧ್ಯಾಹ್ನದ ಒಂದು ಮಾತು ಹೇಳದೆ ಮುಗಿಸಲಾರೆ. ಜನ ಚದುರಿದ ಮೇಲೆ ಅಜ್ಜಿ ಬೆಂಚಿನ ಮೇಲೆ ಕೂತೇ ಇದ್ದಳು, ರೊಟ್ಟಿ ಇನ್ನೂ ಅಂಗೈಯಲ್ಲೇ ಇತ್ತು, ಉಪ್ಪು ಕರಗಿ ಬೆರಳ ಸಂದಿಗೆ ಇಳಿದಿತ್ತು. ಬುರ್ಗಿ ಅವಳ ಕಾಲ ಬಳಿ ಕುಸಿದು ಕೂತಿದ್ದಳು.

‘ತಂದು ನಿಲ್ಲಿಸ್ತೀನಿ ಅಂದಿದ್ದೆ ಅಜ್ಜಿ,’ ಅಂದಳು. ಆ ದಿನ ಅವಳು ಅಜ್ಜಿಗೆ ಆಡಿದ ಮೊದಲ ಮಾತು ಅದು.

‘ಅಂದಿದ್ದೆ,’ ಅಂದಳು ಅಜ್ಜಿ. ಅವಳ ತಲೆ ಸವರಿದಳು. ಆಮೇಲೆ ರೊಟ್ಟಿಯನ್ನು ಬುರ್ಗಿಯ ಕೈಗಿಟ್ಟಳು. ‘ಏಳು, ಇದನ್ನ ತಗೊಂಡು ಹೋಗಿ ಲೋಯಿಸನ ಹಸುವಿಗೆ ತಿನ್ಸು. ಬೆಳಿಗ್ಗೆಯಿಂದ ನಡೆಸಿದೀರಿ, ಹಸಿದಿರುತ್ತೆ. ಊರಿಗೂರೇ ಸೇರ್ಕೊಂಡು ನನಗೆ ಸುಳ್ಳು ಹೇಳ್ತು ಕಣೇ. ಅದೊಂದೇ ಹೇಳ್ಲಿಲ್ಲ.’